ಫರಸಿ

ಈ ನೆಲ ನಾನೇ ಹಾಸಿದ್ದು.
ಖಣಿಯಿಂದ ತಂದ ಕರಿನೀಲಿ ಕಲ್ಲು,
ನೀರು ಹಾಕಿ ತಿಕ್ಕಿ ತಿಕ್ಕಿ
ಮಾರಿ ಕಾಣೋ ಹಂಗ ಮಾಡಿದ್ದು.
ಶಹಾಬಾದದಾಗ ಹುಟ್ಟಿದವಗ ಮನಿ ಅಂದ್ರ ಕಲ್ಲು:
ಕೆಳಗ ಕಲ್ಲು, ಗ್ವಾಡಿ ಕಲ್ಲು, ತಲಿ ಮ್ಯಾಲೂ ಕಲ್ಲು.
ಬ್ಯಾಸಿಗ್ಯಾಗ ಬರಿಮೈಲೆ ಮಲಗಿದರ
ಹೊಸ ಗಡಿಗಿಯಷ್ಟು ತಂಪು.

ಅದು ಮೆತ್ತಗಿಲ್ಲ ಅಂತ ತಿಳಿದದ್ದು
ರೇವಣ್ಯಾ ನಡಿಯಾಕ ಕಲಿತ ಮ್ಯಾಲ.

ಮೊದಲು ತುಟಿ ಒಡಕೊಂಡ.
ರಕ್ತ ನೋಡಿ ನಾ ಅತ್ತೆ, ನನ್ನ ನೋಡಿ ಅವ ಅತ್ತ.
ಜಗದೇವಿ ಹಸಿ ಅರಿವಿ ಒತ್ತಿ ಹಿಡದು ಕೂತಳು. ನಿಂತಿತು.
ಆಮ್ಯಾಲ ಬಾಗಿಲ ಸಂದಿನ್ಯಾಗ ಹೆಬ್ಬೆರಳು;
ಉಗುರು ಕರ್ರಗಾಗಿ ಬಿದ್ದು, ಹೊಸದು ಬಂತು,
ಅಕ್ಕಿಕಾಳಿನಷ್ಟು, ಸೊಟ್ಟಗ.
ಆಮ್ಯಾಲ ಕಾದ ಹಂಚು.
ನಮ್ಮವ್ವ ಪೇಸ್ಟ್ ತರಾಕ ಓಡಿದಳು.
ಆಶಾ ಕೆಲಸದ ತಿಪ್ಪವ್ವ ಅಡ್ಡ ನಿಂತು
"ಪೇಸ್ಟು ಹಲ್ಲಿಗೆ, ಯಮ್ಮಾ. ಸುಟ್ಟದ್ದಕ್ಕ ಬರೀ ತಣ್ಣೀರು,
ಇಪ್ಪತ್ತು ನಿಮಿಷ" ಅಂದಳು.
ನಳ ಬರೋ ದಿನ ಅಲ್ಲ. ಮೂರು ಕೊಡ ಖಾಲಿ ಆದವು.
ಬೊಬ್ಬಿ ಎದ್ದದ್ದು ನೋಡಿ
ತಾನೇ ಎತ್ತಿಕೊಂಡು ದವಾಖಾನಿಗಿ ನಡದಳು.

ಒಂದಿನ ಮೂಗಿನ್ಯಾಗ ತೊಗರಿಕಾಳು.
ನಾ ಪಿನ್ ಹಿಡದು ಕೂತಿದ್ದೆ, ಹುಚ್ಚ.
ಚುಚ್ಚಿದಷ್ಟೂ ಕಾಳು ಒಳಗ ಹೋಯ್ತು.
"ನಾಕು ದಿನ ಬಿಟ್ಟಿದ್ರ ಮೊಳಕಿ ಒಡೀತಿತ್ತು"
ಅಂತ ತಗದ ಡಾಕ್ಟರ್ ನಕ್ಕರು. ನಾವೂ ನಕ್ಕೆವು.

ಆ ರಾತ್ರಿ ಕಟ್ಟಿಯಿಂದ ಬಿದ್ದ.
ಸಣ್ಣ ಕಟ್ಟಿ, ನನ್ನ ಮಣಕಾಲಿನಷ್ಟು.
ಕಲ್ಲು ಸೀಳೋ ಮುಂದ ನಾವು ಬಡದು ಕೇಳ್ತೀವಿ:
ಟಣ್ ಅಂದ್ರ ಗಟ್ಟಿ,
ಡಬ್ ಅಂದ್ರ ಒಳಗ ಬಿರುಕು.
ಇದು ಡಬ್ ಅಂತು.

ಅತ್ತ. ಲಿಂಬಿಹಣ್ಣಿನಷ್ಟು ಬುಗುಟಿ.
ಫೋನಿನ್ಯಾಗ ತಿಪ್ಪವ್ವ:
"ಅತ್ತರ ಅಂಜಬ್ಯಾಡ, ಸುಮ್ಮನಾದರ ಅಂಜು.
ಮಲಗಲಿ, ನಡುವ ಎಬ್ಬಿಸಿ ನೋಡು,
ಸಿಟ್ಟಾಗಿ ಒದ್ದರ ಛಲೋ.
ಒಮ್ಮೆ ಕಾರಿದರ ಕಣ್ಣಿಟ್ಟಿರು,
ಮತ್ತ ಕಾರಿದರ ಮುಂಜಾನಿ ದಾರಿ ಕಾಯಬ್ಯಾಡ."

ಹತ್ತಕ್ಕ ಹಾಲು ಕಾರಿದ.
ಹನ್ನೊಂದೂವರಿಗಿ ಬರೀ ನೀರು.
ಒಂದಕ್ಕ ಎಬ್ಬಿಸಿದರ ಕಣ್ಣು ತಗದ,
ನನ್ನ ನೋಡಲಿಲ್ಲ,
ನನ್ನ ಹಿಂದ ಯಾರೋ ನಿಂತಂಗ ನೋಡಿದ.

ಅವ್ವ ದೃಷ್ಟಿ ಅಂದು ಉಪ್ಪು ಮೆಣಸಿನಕಾಯಿ ಹಿಡದಳು.
"ದಾರ್ಯಾಗ ತೆಗಿ" ಅಂದೆ.
ರುಕ್ನುದ್ದೀನನ ಟಂಟಂನ್ಯಾಗ, ಹಿಂದ ಕೂತು, ಖರೇನೇ ತೆಗದಳು.
ರೈಲ್ವೆ ಗೇಟು ಮುಚ್ಚಿತ್ತು.
ಸಿಮೆಂಟ್ ಗಾಡಿ. ಒಂದೊಂದು ಡಬ್ಬಿಗೂ
ಅವನ ಹೆಸರು ಕರೆದೆ. ರೇವಣ್ಯಾ. ರೇವಣ್ಯಾ.
ಮೂವತ್ತೊಂದನೇದಕ್ಕ, ನನ್ನ ಎದಿಯಿಂದ,
"ಗಾಡಿ" ಅಂದ.

ಜಗದೇವಿ ನನ್ನ ಮಾರಿ ನೋಡಿದಳು.
ಮನಿಗಿ ಹೊಳ್ಳೋಣು ಅಂತ ಯಾರೂ ಅನಲಿಲ್ಲ.

ಕಲಬುರಗಿಯ ದೊಡ್ಡ ದವಾಖಾನ್ಯಾಗ
ನನ್ನ ತಂಗಿ ವಯಸ್ಸಿನ ಡಾಕ್ಟರಮ್ಮ
ಕಣ್ಣಿಗಿ ಬ್ಯಾಟ್ರಿ ಬಿಟ್ಟು ನೋಡಿದಳು,
ತಲಿಯ ಫೋಟೊ ತಗಸಿದಳು,
ಮರುದಿನ ಸಂಜಿತನ ಬಿಡಲಿಲ್ಲ.
"ಒಳಗ ಬಿರುಕಿಲ್ಲ," ಅಂದಳು, ನಮ್ಮ ಕಸುಬಿನವರ ಹಂಗ.
ಆಮ್ಯಾಲ ಕೇಳಿದಳು:
"ಎರಡನೇ ಸಲ ಕಾರಿದಾಗ ಯಾಕ ಬರಲಿಲ್ಲ?"

ಹನ್ನೊಂದೂವರಿಯಿಂದ ಒಂದರತನ
ನಾ ರೊಕ್ಕ ಎಣಿಸ್ತಿದ್ದೆ.
ಹೇಳಲಿಲ್ಲ.

ಈಗ ಕಟ್ಟಿ ಕೆಳಗ ಎರಡು ಕೌದಿ ಹಾಸೀವಿ.
ಅವ ಅದನ್ನ ದಾಟಿ ಬರೀ ಕಲ್ಲಿನ ಮ್ಯಾಲೇ ಓಡ್ತಾನ.
ಬಾಗಿಲ ಪಕ್ಕದ ಕಲ್ಲಿಗಿ, ಅವ್ವಗ ಎಟಕೋ ಎತ್ತರದಾಗ,
ಆವತ್ತು ನೆನಪಾಗದ ನಂಬರು
ಉಳಿ ಹಿಡದು ಕೆತ್ತೀನಿ: ನೂರಾ ಎಂಟು.

ಬಂದವರು ಜಪದ ಲೆಕ್ಕ ಅಂತ ಕೈ ಮುಗೀತಾರ.