ಏಳನೇ ಹಲ್ಲು

ಆರು ತಿಂಗಳು ಯಾರೂ ಬಿಡಿಸಿಕೊಳ್ಳದ ಪಾರ್ಸೆಲ್ಲಿನಲ್ಲಿ ಸಿಕ್ಕಿದ್ದು.
ಡಬ್ಬಿ ಮ್ಯಾನೇಜರ್ ಹಾಲಪ್ಪನವರಿಗೆ, ಚೂರಿ ನನಗೆ.
ಮಡಚಿದರೆ ಬೆರಳುದ್ದ,
ಬಿಚ್ಚಿದರೆ ಮೊಸಳೆಮರಿಯ ನಗು.
ಮೂರು ವರ್ಷ ಕೊಯ್ದಿದ್ದೇನೆ ಅದರಲ್ಲಿ
ನೈಲಾನ್ ಹಗ್ಗ, ಗೋಣಿದಾರ, ಪ್ಲಾಸ್ಟಿಕ್ ಪಟ್ಟಿ,
ಒಮ್ಮೆ ಹೊನ್ನಾಳಿ ಬಸ್ಸಿನ ಏಣಿಗೆ ಸಿಕ್ಕಿಬಿದ್ದ
ಹೋತದ ಕಣ್ಣಿ.
ಈಚೆಗೆ ಕೊಯ್ಯುವುದಿಲ್ಲ, ಜಗಿಯುತ್ತದೆ.

ಗಾಂಧಿಬಜಾರಿನ ಸಾಣೆಯವರಿಬ್ಬರೂ ತಲೆಯಾಡಿಸಿದರು.
ಚಕ್ರಕ್ಕೆ ಕೊಟ್ಟರೆ ಬೊಚ್ಚುಬಾಯಿ ಆಗ್ತದೆ,
ಬಿಸಾಕಿ ಹೊಸದು ತಗೊಳ್ಳಿ ಎಂದ ಒಬ್ಬ.
ಇನ್ನೊಬ್ಬ ಬೀಡಿ ತೆಗೆಯದೆ ಗದ್ದ ಎತ್ತಿ ತೋರಿಸಿದ:
ಸಂದಿಯ ಕೊನೆ. ಹಾಜಿರಮ್ಮ.

ದಾರ ಕಟ್ಟಿದ ಕನ್ನಡಕ.
ಮಣೆಗೆ ಮೊಳೆ ಹೊಡೆದ ಹಳೆ ಚಪ್ಪಲಿಯ ಅಟ್ಟೆ.
"ಏನದು?"
"ಗ... ಗ..." ಎಂದೆ.
ನನ್ನ ಬಾಯಲ್ಲಿ ಸುಲಭಕ್ಕೆ ಓಡುವ ಪದವಲ್ಲ ಅದು.
ಜನ ಸಾಮಾನ್ಯವಾಗಿ ಮುಗಿಸಿಕೊಡುತ್ತಾರೆ, ಉಪಕಾರಕ್ಕೆ.
ಇವಳು ಇಲಿಬಾಲದ ಅರಗಳನ್ನು
ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುತ್ತ
ಕಾದಳು.
"...ಗರಗಸಬಾಯಿ."
"ಹ್ಞೂಂ."

ಉಗುರಿನಲ್ಲೇ ಎಣಿಸಿದಳು. ಹದಿಮೂರು.
ಒಂದೊಂದು ಕುಳಿಗೂ ಅದರದೇ ದಪ್ಪದ ಅರ,
ನಾಲ್ಕು ಸಲ ಮುಂದಕ್ಕೆ. ಹಿಂದಕ್ಕೆ ಉಜ್ಜುವಂತಿಲ್ಲ,
ಎತ್ತಬೇಕು, ನಿದ್ದೆಹೋದ ಮಗುವಿನ ತಲೆಯಡಿಯಿಂದ
ಕೈ ತೆಗೆಯುವ ಹಾಗೆ.
ಆಮೇಲೆ ಅಲಗಿನ ಹಿಂಬದಿ ಹೆಬ್ಬೆರಳು ಸವರಿ ನೋಡುತ್ತಾಳೆ.
ಕೂದಲಷ್ಟು ಕಬ್ಬಿಣ ಅತ್ತ ಮಗುಚಿ ಬಂದಿದ್ದರೆ ಮುಂದಿನ ಕುಳಿ,
ಇಲ್ಲವಾದರೆ ಇನ್ನೆರಡು.
ಪಕ್ಕದ ಗಿರಣಿಯಲ್ಲಿ ಒಣಮೆಣಸಿನಕಾಯಿ ಹಾಕಿದ್ದರು.
ಸೀನಿದ್ದು ನಾನು.
ಅವಳ ಕೈ ಅಲುಗಲಿಲ್ಲ.

ಏಳನೆಯದರ ತುದಿ ಮುರಿದಿತ್ತು, ಹೋತದ ದಿನವೇ ಇರಬೇಕು.
"ಇದನ್ನ ಸ... ಸಮ ಮಾಡಿ..."
"ಇದಕ್ಕೆ ಸಮ ಮಾಡ್ಬೇಕಂದ್ರೆ
ಉಳಿದ ಹನ್ನೆರಡನ್ನೂ ತಿನ್ನಬೇಕಲ್ಲಪ್ಪ."
ಅಷ್ಟೇ.
ಮುರಿದದ್ದಕ್ಕೂ ಎಣಿಸಿ ನಾಲ್ಕು ಸಲ ಎಳೆದಳು.

ಚಪ್ಪಟೆ ಬೆನ್ನನ್ನು ನುಣುಪುಗಲ್ಲಿನ ಮೇಲೆ ಮಲಗಿಸಿ ಒಮ್ಮೆ,
ಅಟ್ಟೆಯ ಮೇಲೆ ಎರಡು ಸಲ.
ಕನ್ನಡಕದ ದಾರದ ಜೋತ ತುದಿಗೆ ತಾಗಿಸಿದಳು,
ಅದು ಮಡಿಲಿಗೆ ಬಿತ್ತು.
ನಲವತ್ತು ರೂಪಾಯಿ.
ನನ್ನಲ್ಲಿ ಐವತ್ತರ ನೋಟು, ಅವಳಲ್ಲಿ ಚಿಲ್ಲರೆ ಇಲ್ಲ.
ಹತ್ತು ಬಾಕಿ ಇದೆ ಇನ್ನೂ, ಅವಳ ಕಡೆ.

ಸಂಜೆ ಸಾಗರದ ಬಸ್ಸು ಹಾರನ್ ಹೊಡೆಯುತ್ತಿದ್ದಾಗ
ಹೆಬ್ಬೆರಳು ದಪ್ಪದ ಹಗ್ಗಕ್ಕೆ ಇಟ್ಟೆ.
ಹೋಯಿತು, ಗೆಳೆಯರ ಜೊತೆ ಮಾತಿಗೆ ಕೂತವರ ಹಾಗೆ.
ನಡುವೆ ಒಂದೇ ಕಡೆ,
ಏಳನೆಯದರ ಹತ್ತಿರ,
ಚೂರು ತಡೆಯಿತು.

ಡ್ರೈವರ್ ಬಯ್ದ.
ನಾನು ಕಾದೆ.