ನಂದೂ ನೋಡ್ರಿ

ಸೆಂಟ್ರಿಫ್ಯೂಜ್ ಗುಂಯ್‌ಗುಟ್ಟುವುದು ಬಿಟ್ಟಿತು.
ಮುಚ್ಚಳ ಎತ್ತಿದರೆ ಹನ್ನೆರಡು ನಳಿಕೆ.
ಹನ್ನೊಂದರ ಮೇಲ್ತಿಳಿ ಕಣಿಕೆ ತೊಳೆದ ನೀರಿನಂತೆ,
ಒಂದರದು ಮಾತ್ರ ನೆನೆಹಾಕಿದ ಕುಸುಬಿ ಹೂವು.
ಚೀಟಿ ನೋಡಬೇಕಾಗಲಿಲ್ಲ: ಭೀಮಶಾ,
ನಲವತ್ತೊಂದು, ಗಂಡು, ಬೇಳೆ ಮಿಲ್ಲಿನ ಹಮಾಲ.

ಕಲಬುರಗಿಯ ಏಪ್ರಿಲ್ಲು. ಹನ್ನೊಂದಕ್ಕೇ
ಕಿಟಕಿಯ ಸರಳು ಮುಟ್ಟಿದರೆ ಚುರ್ರೆನ್ನುತ್ತದೆ.
ಆಚೆ ಕಾಶಮ್ಮ, ಸೆರಗಿನ ತುದಿಗೆ
ರಸೀದಿ ಗಂಟು ಹಾಕಿಕೊಂಡು ನಿಂತಿದ್ದಾಳೆ.
"ಏನು ಹೇಳ್ಲತ್ತದ್ರೀ ಅಕ್ಕೋರೆ, ಆ ರಗತ?
ಮಣಿಕಟ್ಟಿಗೆ ಬರಿ ಹಾಕಿಸ್ದೆ, ಬೇರು ಕುಡಿಸ್ದೆ,
ಪಲ್ಯದಾಗ ಅರಿಷಿಣ ಬಿಟ್ಟೆ. ಕಣ್ಣಾಗಿಂದು ಇಳೀವಲ್ದು."

ಡಾಕ್ಟರು ಹೇಳಬೇಕಾದ್ದು ನಾನು ಹೇಳಬಾರದು.
ಅವರು ರೌಂಡಿಗೆ ಹೋಗಿದ್ದಾರೆ,
ಯಂತ್ರ ಇನ್ನೂ ಇಪ್ಪತ್ತು ನಿಮಿಷ ಕೇಳುತ್ತಿದೆ.
ಹೇಳಿದೆ.

ನಿನ್ನ ಗಂಡ ದುಡಿಯುವ ಮಿಲ್ಲು ನೋಡಿದ್ದೀಯಲ್ಲ,
ಬಲಪಕ್ಕೆಯ ಕೆಳಗೆ ಅಂಥದೇ ಒಂದು ಇದೆ.
ಒಂದೂವರೆ ಕಿಲೋ. ಹಬ್ಬಕ್ಕೂ ರಜೆ ಇಲ್ಲ.
ರಕ್ತದ ಕೆಂಪುಕಣ ನಾಲ್ಕು ತಿಂಗಳು ಹೊತ್ತು ಹೊತ್ತು ಸಾಯುತ್ತದೆ.
ಅದರ ಕಬ್ಬಿಣ ಬಿಚ್ಚಿ ಎತ್ತಿಡುತ್ತಾರೆ, ಗುಜರಿಗೂ ಬೆಲೆ ಇದೆ.
ಉಳಿದದ್ದು ಮೊದಲು ಹಸಿರು, ಆಮೇಲೆ ಹಳದಿ.
ನೀರಿಗೆ ಕೂಡಿಬರದ ಜಿಡ್ಡು ಹಳದಿ.
ಮಿಲ್ಲು ಅದರ ಬೆನ್ನಿಗೆ ಸಕ್ಕರೆಯ ಮನೆತನದ
ಹುಳಿಯೊಂದನ್ನು ಕಟ್ಟಿ ನೀರಿಗೆ ಒಗ್ಗಿಸಿ
ಪಿತ್ತದ ಕಾಲುವೆಗೆ ಬಿಡುತ್ತದೆ. ಕರುಳಿನ ಕ್ರಿಮಿಗಳು
ಕಂದು ಮಾಡುತ್ತವೆ. ಮುಂಜಾನೆ ನಾವು
ನೋಡದೆ ನೀರು ಸುರಿದು ಬರುವುದು
ಸತ್ತ ರಕ್ತದ ಕೊನೆಯ ಬಣ್ಣ.

ಕಾಶಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.
ನಗು ಮುಗಿದ ಮೇಲೆ ಕೇಳಿದಳು: "ಮತ್ತ ಸೇಂದಿ?"

ಸೇಂದಿ. ಅದರಲ್ಲಿ ಏನು ಕಲಸಿದ್ದರೋ ಅದು.
ಅದು ಸಾಲದಾದ ಮೇಲೆ ಪಾಕೀಟಿನದು.
ಬೆಂಕಿ ಹತ್ತಿದ ಲಾರಿ ಬಾಗಿಲಿಗೆ ಬಂದಂತೆ
ಮಿಲ್ಲು ಬಾಕಿ ಕೆಲಸವೆಲ್ಲ ಬಿಟ್ಟು ಓಡುತ್ತದೆ.
ಮೊದಲು ಅದನ್ನು ಅದಕ್ಕಿಂತ ಕೆಟ್ಟ ವಿಷ ಮಾಡಬೇಕು,
ಹೌದು, ಕೆಟ್ಟದ್ದೇ, ದಾರಿ ಅದೊಂದೇ.
ವಿಷ ಹುಳಿನೀರಾಗಬೇಕು, ಹುಳಿನೀರು ಉಸಿರಾಗಬೇಕು.
ತಾಸಿಗೆ ಇಷ್ಟೇ ಎಂದು ಲೆಕ್ಕ.
ಮಜ್ಜಿಗೆ ಕುಡಿಸಿದರೂ, ನೆತ್ತಿಗೆ ಕೊಡ ಸುರಿದರೂ
ಆ ತಾಸು ಅರ್ಧ ತಾಸಾಗುವುದಿಲ್ಲ.
ಅಷ್ಟರಲ್ಲಿ ಕೊಬ್ಬು ಗೋದಾಮಿನಲ್ಲೇ ಕೂತಿತು.
ಮೈಕೈ ನೋವಿನ ಗುಳಿಗೆ ಅದರ ಮೇಲೊಂದು ಚೀಲ.
ಗೋಡೆಗೆ ಗಾಯ, ಗಾಯಕ್ಕೆ ಗಾರೆ,
ಗಾರೆಯೇ ತುಂಬಿ ಮಿಲ್ಲಿಗೆ ಜಾಗ ಇಲ್ಲ.
ಒಳಗೆ ಕರೆಯದ ಹಳದಿ ಊರೆಲ್ಲ ತಿರುಗಿ
ಕಣ್ಣಿನಲ್ಲಿ ಬಂದು ಮಲಗಿತು.

"ಕೊಯ್ದರೂ ಬೆಳೀತದ ಅಂತಾರಲ್ರೀ?"
ಬೆಳೆಯುತ್ತದೆ, ಬಿಟ್ಟರೆ.
ಬಿಡುವ ಕೆಲಸ ಅದರ ಕೈಯಲ್ಲಿಲ್ಲ.

ಯಂತ್ರ ಕಾಗದ ಉಗುಳಿತು: ಹದಿನಾಲ್ಕು ಪಾಯಿಂಟ್ ಆರು.
"ಎಷ್ಟಿರಬೇಕು?"
ಒಂದು, ಎಂದೆ. ಒಂದರ ಒಳಗೆ.

ಆಕೆ ಹಿಂದೆಮುಂದೆ ನೋಡಿ
ಕುಬಸದ ತೋಳು ಮೇಲೆ ಸರಿಸಿದಳು.
"ನಂದೂ ನೋಡ್ರಿ. ನನಗೂ ಹತ್ಯದೇನು ಕಾಮಣಿ?"
ರಟ್ಟೆಯ ಮೇಲೆ ನಾಲ್ಕು ಬೆರಳು, ಆ ಕಡೆ ಹೆಬ್ಬೆರಳು.
ನಡುವೆ ನೀಲಿ, ಸುತ್ತ ಹಸಿರು, ಅಂಚಿಗೆ ಹಳದಿ.
ಒಂದು ವಾರದ್ದು. ಅವನು ದಾಖಲಾಗುವ ಮುಂಚಿನದು.

ಅಲ್ಲ ಕಾಶಮ್ಮ, ಎಂದೆ. ಬಣ್ಣ ಅದೇ,
ರೋಗ ನಿನ್ನದಲ್ಲ. ಉಳಿದದ್ದು ಹೇಳಲಿಲ್ಲ:
ಈ ಹಳದಿಯೂ ಹೊರಟಿದೆ, ನಿನ್ನ ಮಿಲ್ಲಿಗೆ.
ಯಾರು ಕಳಿಸಿದ್ದು ಎಂದು ಅಲ್ಲಿ ಕೇಳುವುದಿಲ್ಲ.
ಅವನು ಕುಡಿದದ್ದರ ಒಂದು ಪಾಲು
ಏಸು ವರ್ಷದಿಂದ ನಿನ್ನ ಪಕ್ಕೆಯಲ್ಲಿ ಅರೆಯುತ್ತಿದೆಯೋ.

ಡಾಕ್ಟರ ಸಹಿ ಇಲ್ಲದೆ, ರಸೀದಿ ಇಲ್ಲದೆ,
ಇನ್ನೊಂದು ತೋಳಿಗೆ ರಬ್ಬರು ಕಟ್ಟಿ ಎರಡು ಎಂ.ಎಲ್. ಎಳೆದೆ.
ವಯಸ್ಸು ಗೊತ್ತಿಲ್ಲ ಎಂದಳು. ಬರೆಯದೆ ಬಿಟ್ಟೆ.

ಒಂದೇ ನಳಿಕೆ ಇಟ್ಟರೆ ಸೆಂಟ್ರಿಫ್ಯೂಜ್ ಅದುರುತ್ತದೆ,
ಎದುರಿಗೆ ಅದೇ ತೂಕದ್ದು ಬೇಕು.
ಭೀಮಶಾನದು ಕೈಗೆ ಹತ್ತಿರವೇ ಇತ್ತು, ತೂಕವೂ ಕೂಡುತ್ತಿತ್ತು.
ನೀರು ತುಂಬಿ ಇಟ್ಟೆ.