ನಿಶಾನಿ

ಇಲ್ಲಿ ಲಿಫ್ಟಿಗೆ ನಾಣ್ಯ ಹಾಕಬೇಕು, ಹತ್ತು ತೆತ್ರಿ.
ಹತ್ತುವುದಕ್ಕೆ ಮಾತ್ರ; ಇಳಿಯುವುದು ಪುಕ್ಕಟೆ.
ಟಿಬಿಲಿಸಿಯ ಗ್ಲ್ದಾನಿ ಬಡಾವಣೆಯಲ್ಲಿ ಇದನ್ನು ಯಾರೂ
ರೂಪಕ ಅನ್ನುವುದಿಲ್ಲ.
ನೀವೂ ಅನ್ನಬೇಡಿ.

ಒಂಬತ್ತನೇ ಮಹಡಿ, ಅಡುಗೆಮನೆಯ ಮೇಜು.
ಅಕ್ಟೋಬರಿನ ಒಂದು ಬೆಳಿಗ್ಗೆ, ಹನ್ನೊಂದು ಹೊಡೆದು ನಿಮಿಷ ಸಂದಾಗ,
ಕಡಲಾಚೆ ಕ್ಯಾಲಿಫೋರ್ನಿಯದಲ್ಲಿ ತಾರೀಕು ಮಗುಚಿತು,
ಹೊಸ ಸರಕಿನ ಪಟ್ಟಿ ಬರಿದಾಗಿ ತೆರೆಯಿತು.
ನೆಸ್ತಾನ್ ಗುಂಡಿ ಒತ್ತಿದಳು.
ಗೆಲಾ ಕೆಟಲಿನ ಸ್ವಿಚ್ಚು ಒತ್ತಿದ.
ಎರಡರಲ್ಲಿ ಒಂದು ಮಾತ್ರ ಸದ್ದು ಮಾಡಿತು.

ಹೆಸರು ನಿಶಾನಿ. ಅವರ ಮಾತಿನಲ್ಲೂ
ನಮ್ಮದರಲ್ಲಿದ್ದಂತೆ ಗುರುತು ಅಂತಲೇ ಅರ್ಥ;
ಯಾವ ಕುದುರೆಯ ಬೆನ್ನೇರಿ ಎರಡೂ ಕಡೆ ಬಂದಿಳಿಯಿತೋ.
ಕೆಲಸ ಸಣ್ಣದು: ರಿಪೇರಿಗೆ ಬಂದದ್ದು ಯಾರದು,
ಏನಾಗಿದೆ, ಯಾವಾಗ ಒಯ್ದಾರು.
ಕೆಳಗೆ ಗ್ಯಾರೇಜಿನಲ್ಲಿ ಬೂಟು ಹೊಲಿಯುವ ಬೋಂದೊ
ಅಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿಟ್ಟ ಲೆಕ್ಕ
ಪೈಪು ಒಡೆದ ರಾತ್ರಿ ತೊಳೆದುಹೋಗಿ
ನಲವತ್ತು ಜೋಡಿ ಅನಾಥವಾದವು.
ಅಲ್ಲಿಂದ ಶುರು.

ಇದೇನೆಂದು ಒಂದೇ ಸಾಲಲ್ಲಿ ಹೇಳಬೇಕಿತ್ತು.
ಮೂರು ವಾರ ತಿದ್ದಿದರು.
'ಕ್ರಾಂತಿಕಾರಿ' ಹೋಯಿತು, 'ಸುಲಭ' ಹೋಯಿತು,
'ನಿಮ್ಮ ವ್ಯಾಪಾರಕ್ಕೆ ಹೊಸ ರೆಕ್ಕೆ' ನಾಚಿಕೊಂಡು ತಾನೇ ಹೋಯಿತು.
ಉಳಿದದ್ದು, ಅವತ್ತು ನೀರಿನಲ್ಲಿ ನಿಂತು ಬೋಂದೊ ಕೂಗಿದ್ದು:
ಯಾರ ಬೂಟಯ್ಯಾ ಇದು?

ಮಧ್ಯಾಹ್ನಕ್ಕೆ ನಲವತ್ತೊಂದು ಓಟು.
'ಓಟು ಕೊಡಿ' ಅನ್ನಬಾರದು, 'ನೋಡಿ' ಅನ್ನಬಹುದು,
ಅದು ಅಲ್ಲಿನ ಮಡಿ.
ಗೆಲಾನ ಸೋದರಮಾವಂದಿರಿಗೆ ಯಾವ ಮಡಿ?
ನೆಸ್ತಾನ್ ಒಬ್ಬೊಬ್ಬರಿಗೂ ಉತ್ತರ ಬರೆದಳು.
ಪೋರ್ತೊದ ಕೊಡೆ ರಿಪೇರಿಯವನಿಗೆ: ಹೌದು, ಕೊಡೆಗೂ ಆಗುತ್ತದೆ.
ವಾಲ್ಪರೈಸೊದ ಅಕಾರ್ಡಿಯನ್ ರಿಪೇರಿಯವಳಿಗೆ: ಫೋಟೊ ಸಾಕು,
ದನಿ ಹಿಡಿದಿಡಲು ಇನ್ನೂ ಕಲಿತಿಲ್ಲ, ಕಲಿಯುತ್ತೇವೆ.

ಸಂಜೆ ಏಳಕ್ಕೆ ಸರ್ವರ್ ಮಲಗಿತು.
ಹತ್ತೊಂಬತ್ತು ನಿಮಿಷ.
ಗೆಲಾ ಬೈದ, ಬೆವೆತ, ಮತ್ತೆ ನಕ್ಕ:
ನೂಕುನುಗ್ಗಲಿಗೆ ಬಾಗಿಲು ಮುರಿದುಕೊಂಡ ಅಂಗಡಿಯವ
ಅಳುವುದು ಯಾವ ಬಾಯಲ್ಲಿ?

ಮರುದಿನ ಹನ್ನೊಂದಕ್ಕೆ ಪಟ್ಟಿ ಮುಚ್ಚಿದಾಗ
ನಿಶಾನಿ ಮೇಲಿತ್ತು, ಎಲ್ಲಕ್ಕಿಂತ ಮೇಲೆ.
ಮುಂದಿನ ನಿಮಿಷ ಹೊಸ ಪಟ್ಟಿ, ಬರಿದು,
ಬೇರೆ ಯಾರದೋ ಕೆಟಲು ಕುದಿಯುತ್ತಿತ್ತು.

ನಿದ್ದೆಗೆಟ್ಟ ಕಣ್ಣಲ್ಲೇ ನೆಸ್ತಾನ್ ಕೆಳಗಿಳಿದಳು.
"ಒಂದನೇ ನಂಬರು, ಬೋಂದೊ!"
ಮೊಳೆ ಕಚ್ಚಿದ್ದ ತುಟಿ ಬಿಡಿಸಿಕೊಂಡು ಅವನೆಂದ:
"ಒಂದನೇ ನಂಬರಾ? ಅದಿನ್ನೂ ಇಲ್ಲೇ ಇದೆಯಲ್ಲ ಮಗಳೇ,
ಆ ಕೆಂಪು ಜೋಡಿ. ಮೊದಲು ನೀನೇ ಬರಕೊಂಡದ್ದು.
ಯಾರೂ ಒಯ್ಯಲೇ ಇಲ್ಲ."

ಹಲಗೆಯ ಮೇಲೆ ಕೆಂಪು ಬೂಟು,
ಹೊಸ ಹಿಮ್ಮಡಿ, ಹಳೆ ಧೂಳು.

ಅವಳು ಲಿಫ್ಟಿನ ಬಳಿ ಕಿಸೆ ತಡಕಿದಳು.
ಸಾವಿರದ ಮುನ್ನೂರು ಓಟು; ಹತ್ತು ತೆತ್ರಿ ಇಲ್ಲ.
ಬೋಂದೊ ಮೊಳೆಯ ಡಬ್ಬಿಯಿಂದ ನಾಣ್ಯ ಆರಿಸಿ ಕೊಟ್ಟ.
"ತಗೋ, ಬರಕೋತೀನಿ," ಅಂದ.
ಬರೆದುಕೊಂಡ,
ಅಟ್ಟೆಯ ಮೇಲೆ, ಸೀಮೆಸುಣ್ಣದಲ್ಲಿ.